ಕೈ ತೆಗೆಯದ ಪೇದೆ ಜಟ್ಟಪ್ಪ

ಇಸವಿ ಕೇಳಬೇಡಿ, ಅದು ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಸಮುದ್ರದ ನೀರು ಹೊಳೆಯೊಳಗೆ ಏರಿ ಬರುವ ಕಡೆ, ತೊರೆಗದ್ದೆ ಅಂತ ಒಂದು ಊರು. ಊರಿನವರೆಲ್ಲ ಸಮುದ್ರದ ನೀರು ಕಟ್ಟಿ ಒಣಗಿಸಿ ಉಪ್ಪು ತೆಗೆಯುವ ಆಗರದಲ್ಲಿ ದುಡಿಯುವವರು. ಅಲ್ಲಿಯ ಠಾಣೆಯಲ್ಲಿ ಜಟ್ಟಪ್ಪ ಅಂತ ಒಬ್ಬ ಪೇದೆ ಇದ್ದನಂತೆ. ಏಳಡಿ ಎತ್ತರ ಇದ್ದ ಅನ್ನುವವರಿದ್ದಾರೆ. ನನ್ನ ಅಜ್ಜಿ ಮಾತ್ರ, ಇಲ್ಲ, ಸಾಧಾರಣ ಆಳು, ಅಂಗೈ ಮಾತ್ರ ಮೊರದಷ್ಟು ಅಗಲ ಅನ್ನುತ್ತಿದ್ದಳು.

ಆಗಿನ ಪೊಲೀಸರಿಗೆ ಗುಂಡು ಹೊಡೆಯುವುದನ್ನು ಕಲಿಸುತ್ತಿದ್ದರು. ಬಿದ್ದವನಿಗೆ ಏನು ಮಾಡಬೇಕು ಅಂತ ಕಲಿಸುತ್ತಿರಲಿಲ್ಲ. ಡಾಕ್ಟರು ಬರುವ ತನಕ ಯಾರೂ ಮುಟ್ಟಬಾರದು, ಅಷ್ಟೇ. ಡಾಕ್ಟರು ಇರುವುದು ಹೊಳೆಯಾಚೆ, ಪೇಟೆಯಲ್ಲಿ. ಜಟ್ಟಪ್ಪ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೆ ಊರಲ್ಲಿ, ಗುಂಡು ತಾಗಿದ ಒಬ್ಬ ಮುದುಕ ಅವನ ಕಾಲ ಬುಡದಲ್ಲೇ ರಕ್ತ ಹರಿದು ಜೀವ ಬಿಟ್ಟನಂತೆ. ಸುತ್ತ ಹನ್ನೆರಡು ಪೊಲೀಸರು. ಹನ್ನೆರಡೂ ಜನ ಸುಮ್ಮನೆ ನಿಂತಿದ್ದರಂತೆ.

ಅವತ್ತಿನಿಂದ ಜಟ್ಟಪ್ಪನಿಗೆ ಅನ್ನ ಸೇರಲಿಲ್ಲ. ತೊರೆಗದ್ದೆಗೆ ಬಂದ ಮೇಲೆ, ರಜೆ ಸಿಕ್ಕಾಗಲೆಲ್ಲ ಪೇಟೆಯ ಆಸ್ಪತ್ರೆಗೆ ಹೋಗಿ, ಫೆಲಿಸ್ ಅನ್ನುವ ಕಂಪೌಂಡರನ ಬಳಿ ಕೂತ. ನೆಲ ಒರೆಸಿಕೊಟ್ಟ, ನೀರು ಕಾಯಿಸಿಕೊಟ್ಟ, ನೋಡಿ ನೋಡಿ ಕಲಿತ. ರಕ್ತ ಬರುವ ಕಡೆ ಬಟ್ಟೆ ಇಟ್ಟು ಬಲವಾಗಿ ಒತ್ತಬೇಕು. ನಿಂತಿತಾ ಅಂತ ಕೈ ಎತ್ತಿ ಇಣುಕಬಾರದು. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು. ಠಾಣೆಯವರು ಅವನನ್ನು ಸೂಲಗಿತ್ತಿ ಅಂತ ಗೇಲಿ ಮಾಡಿದರಂತೆ. ಮಾಡಲಿ ಅಂದನಂತೆ.

ಹೀಗಿರುವಾಗ ಆಗರಕ್ಕೆ ಹೊಸ ಗುತ್ತಿಗೆದಾರ ಬಂದ. ದುಡಿದವರು ಸಂಜೆ ಮನೆಗೊಂದು ಬುಟ್ಟಿ ಉಪ್ಪು ಒಯ್ಯುವುದು ಅಲ್ಲಿಯ ರೂಢಿ. ಒಂದು ಕಾಳೂ ಒಯ್ಯಬಾರದು ಅಂದನಂತೆ ಅವನು. ಜನ ಕೂಡಿದರು, ದಾರಿಗೆ ಅಡ್ಡ ಕೂತರು. ಗುತ್ತಿಗೆದಾರ ಪೊಲೀಸರನ್ನು ಕರೆಸಿದ. ಮಾತಿಗೆ ಮಾತು ಬೆಳೆಯಿತು, ಕಲ್ಲು ಬಿತ್ತು, ಠಾಣೆಯ ಸಾಹೇಬ ಗುಂಡು ಹೊಡೆಯಲು ಹುಕುಂ ಕೊಟ್ಟ. ಎಂಟು ಬಂದೂಕು ಒಟ್ಟಿಗೇ ಹಾರಿದವಂತೆ. ಉಪ್ಪಿನ ರಾಶಿಯ ಪಕ್ಕ ಬುದವಂತ ಅನ್ನುವ ಆಳು ತೊಡೆ ಹಿಡಿದುಕೊಂಡು ಬಿದ್ದ. ಬಿಳಿ ಉಪ್ಪು ಕೆಂಪಾಯಿತಂತೆ.

ಜಟ್ಟಪ್ಪ ಬಂದೂಕು ನೆಲಕ್ಕಿಟ್ಟು ಸಾಲು ಬಿಟ್ಟು ನಡೆದ.

"ಏಯ್, ಸಾಲು ಬಿಡಬೇಡ!" ಅಂತ ಸಾಹೇಬ ಕೂಗಿದ.

"ಹೊಡಿ ಅಂದ್ರಿ, ಹೊಡೆದಾಯ್ತು ಸಾಹೇಬ್ರೇ. ಇನ್ನು ಮನುಷ್ಯನನ್ನ ಉಳಿಸಬೇಕು," ಅಂದನಂತೆ, ತಿರುಗಿ ಸಹ ನೋಡದೆ.

ಆಗಿನ ಪೊಲೀಸರು ಪಾದದಿಂದ ಮೊಣಕಾಲಿನ ತನಕ ಉದ್ದನೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಅದನ್ನು ಸರಸರ ಬಿಚ್ಚಿದ, ಮಡಚಿ ಗಾಯದ ಮೇಲಿಟ್ಟು ಒತ್ತಿದ. ಅಷ್ಟರಲ್ಲಿ ಬುದವಂತನ ಹೆಂಡತಿ ಹೊನ್ನಿ ಓಡಿ ಬಂದು, ಕೊಂದವನೇ ಮುಟ್ಟುತ್ತೀಯಾ ಅಂತ ಅವನ ಬೆನ್ನಿಗೆ ಗುದ್ದತೊಡಗಿದಳು.

"ಹೌದು ತಂಗೀ, ಎಂಟರಲ್ಲಿ ನಂದೂ ಒಂದು ಬಂದೂಕು. ಆಮೇಲೆ ಎಷ್ಟು ಬೇಕಾದರೂ ಬೈ. ಈಗ ಆ ಇನ್ನೊಂದು ಪಟ್ಟಿ ಬಿಚ್ಚಿ ಕೊಡು," ಅಂದ.

ಹೊನ್ನಿಯ ಕೈ ನಿಂತಿತು. ಮಣ್ಣಲ್ಲಿ ಕೂತು ಅವನ ಕಾಲಿನ ಪಟ್ಟಿ ಬಿಚ್ಚಿ ಕೊಟ್ಟಳು. ಅದನ್ನು ಮೊದಲಿನದರ ಮೇಲಿಟ್ಟು ಬಿಗಿದು ಕಟ್ಟಿ, ಅದರ ಮೇಲೆ ಮತ್ತೆ ಅಂಗೈ ಊರಿದ.

ದೋಣಿಯಲ್ಲಿ ಮಲಗಿಸಿ ಪೇಟೆಗೆ ಹೊರಟರು. ಸಮುದ್ರದಿಂದ ಎದುರಿಗೆ ಏರಿ ಬರುತ್ತಿದ್ದ ಭರತದ ನೀರು ಇವರಿಗಾಗಿ ಹಿಂದೆ ಸರಿಯಿತು ಅಂತಾರೆ. ನಾನು ಅದನ್ನು ನಂಬುವುದಿಲ್ಲ. ಹುಟ್ಟು ಹಾಕಿದವರ ಅಂಗೈಗೆ ಬೊಬ್ಬೆ ಬಂದಿತ್ತು ಅಂತಲೂ ಕೇಳಿದ್ದೇನೆ, ಅದೇ ನಿಜವಿರಬೇಕು. ದಾರಿಯುದ್ದಕ್ಕೂ ಜಟ್ಟಪ್ಪ ಕೈ ತೆಗೆಯಲಿಲ್ಲ. ಇದನ್ನು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಆಸ್ಪತ್ರೆ ಮುಟ್ಟಿದಾಗ ಅವನ ಬೆರಳು ಸೆಟೆದು, ಫೆಲಿಸ್ ಒಂದೊಂದಾಗಿ ಬಿಡಿಸಬೇಕಾಯಿತಂತೆ.

ಬುದವಂತ ಉಳಿದ. ಕುಂಟುತ್ತಲೇ ನಡೆದು ಮೊಮ್ಮಕ್ಕಳನ್ನು ಕಂಡ.

ಸಾಲು ಬಿಟ್ಟ ತಪ್ಪಿಗೆ ಜಟ್ಟಪ್ಪನ ವಿಚಾರಣೆ ನಡೆಯಿತು. ಹೊನ್ನಿ ಹೊಳೆ ದಾಟಿ ಹೋಗಿ ದೊಡ್ಡ ಸಾಹೇಬರ ಎದುರು ನಿಂತು, ಹೊಡೆದವರಿಗೆಲ್ಲ ಸಂಬಳ, ಉಳಿಸಿದವನಿಗೆ ಶಿಕ್ಷೆಯಾ ಅಂತ ಕೇಳಿದಳಂತೆ. ಅವರು ಜಟ್ಟಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ಶಿಕ್ಷೆ ಅಂತ ಅವನನ್ನು ಠಾಣೆಯಿಂದ ಠಾಣೆಗೆ ಎತ್ತಿ ಹಾಕಿದರು. ಎತ್ತಿ ಹಾಕಿದ ಕಡೆಯೆಲ್ಲ ಅವನು ಹತ್ತು ಪೇದೆಗಳಿಗೆ ಕಲಿಸಿದ. ಹಾಗೆ ಒಂಬತ್ತು ಠಾಣೆ ಅಂತ ಕೆಲವರು, ನಲವತ್ತು ಅಂತ ಕೆಲವರು.

ಇವತ್ತಿಗೂ ತೊರೆಗದ್ದೆಯಲ್ಲಿ ವರ್ಷದ ಮೊದಲ ಉಪ್ಪು ಎಳೆದ ದಿನ, ಹೆಂಗಸರು ಹಳೆಯ ಹತ್ತಿ ಸೀರೆಗಳನ್ನು ಕುದಿಸಿ, ಬಿಸಿಲಲ್ಲಿ ಒಣಗಿಸಿ, ನಾಲ್ಕು ಬೆರಳಗಲದ ಪಟ್ಟಿಯಾಗಿ ಹರಿದು ಸುತ್ತಿ, ಠಾಣೆಗೆ ಕೊಟ್ಟು ಬರುತ್ತಾರೆ. ಹೊಸ ಪೇದೆ ಬಂದಿದ್ದರೆ ಒಬ್ಬಳು ಠಾಣೆಯ ಜಗುಲಿಯಲ್ಲಿ ಕಾಲು ಚಾಚಿ ಕೂರುತ್ತಾಳೆ. ಪಟ್ಟಿ ಕಟ್ಟು ನೋಡುವಾ ಅನ್ನುತ್ತಾಳೆ. ಸಡಿಲಾದರೆ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಾಳೆ. ಸರಿಯಾಗುವ ತನಕ ಅವಳು ಏಳುವುದಿಲ್ಲ.