ಪದವೀಧರ ಗೀಜಗನ ಮೊದಲ ಗಂಟು

ಮಕ್ಕಳೇ, ಸೊಪ್ಪಿನಕೆರೆಯ ನೀರಿನ ಮೇಲೆ ಬಾಗಿ ನಿಂತ ಒಂದು ಈಚಲು ಮರವಿತ್ತು. ಅದರ ಒಂದೊಂದು ಗರಿಯ ತುದಿಗೂ ಒಂದೊಂದು ಗೀಜಗದ ಗೂಡು. ಗೀಜಗ ಗೊತ್ತಲ್ಲ? ಗುಬ್ಬಿಯಷ್ಟೇ ಹಕ್ಕಿ. ಹುಲ್ಲಿನ ಎಳೆ ಸೀಳಿ, ನೇಯ್ದು, ಸೋರೆಬುರುಡೆಯಂಥ ಗೂಡು ಕಟ್ಟಿ ತೂಗುಬಿಡುತ್ತದೆ.

ಆ ಮರದಲ್ಲಿ ಹೊನ್ನಪ್ಪನಂಥ ನೇಕಾರ ಇನ್ನೊಬ್ಬನಿರಲಿಲ್ಲ. ಅವನು ಹಾಕಿದ ಗಂಟು ಮೂರು ಮಳೆಗಾಲ ಕಳೆದರೂ ಸಡಿಲವಾಗುತ್ತಿರಲಿಲ್ಲ. ಕೆಲಸ ಚೆನ್ನಾಗಿ ಬಲ್ಲವರಿಗೆ ಬರುವ ಕಾಯಿಲೆಯೊಂದಿದೆ. ಅದು ಅವನಿಗೂ ಬಂದಿತ್ತು. ತನ್ನ ಮಗ ಮಾತ್ರ ಆ ಕೆಲಸ ಮಾಡಬಾರದು ಎಂಬುದೇ ಆ ಕಾಯಿಲೆ.

"ನನ್ನ ಕೊಕ್ಕು ಸವೆದದ್ದು ಸಾಕು. ನಿನ್ನ ಕೊಕ್ಕಿಗೆ ಹುಲ್ಲಿನ ರಸ ತಾಗಬಾರದು ಕಣೋ" ಎಂದು ಮಗ ಸುವರ್ಣನನ್ನು ಆಲದ ಮರದ ಕಾಲೇಜಿಗೆ ಸೇರಿಸಿದ.

ಆ ಕಾಲೇಜಿಗೆ ಗಿಳಿರಾಯರು ಪ್ರಾಂಶುಪಾಲರು. ಗೂಡುಶಾಸ್ತ್ರದ ಹದಿನೆಂಟು ಅಧ್ಯಾಯಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲವರು. ಅವರು ಸ್ವತಃ ವಾಸವಾಗಿದ್ದದ್ದು ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯಲ್ಲಿ. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ವಿದ್ವಾಂಸರ ಮನೆಯ ವಿಚಾರ ನಮಗೇಕೆ?

ಕಾಲೇಜಿನಲ್ಲಿ ನಪಾಸಾದವರನ್ನು ಕೆರೆಯಾಚೆಯ ಜಾಲಿಮರಕ್ಕೆ ಕಳಿಸುತ್ತಿದ್ದರು. ಅಲ್ಲಿ ಮುದಿ ಗೀಜಗ ಸಿದ್ದಜ್ಜ ನೇಯ್ಗೆ ಕಲಿಸುತ್ತಿದ್ದ. ತಾಯಂದಿರು ಮರಿಗಳನ್ನು ಹೆದರಿಸಲು ಹಾವಿನ ಹೆಸರು ಹೇಳುವುದನ್ನು ಬಿಟ್ಟು, "ಜಾಲಿಮರಕ್ಕೆ ಹೋಗ್ತೀಯ ನೋಡು" ಅನ್ನತೊಡಗಿದ್ದರು.

ಮೊದಲ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ: ಗಂಟು ಎಂದರೇನು?

ಪಕ್ಕದ ಗೂಡಿನ ತಿಪ್ಪ ಒಂದು ಹುಲ್ಲು ತಂದು, ಗಂಟು ಹಾಕಿ, ಗಿಳಿರಾಯರ ಮುಂದಿಟ್ಟ.

"ಕೇಳಿದ್ದು ವ್ಯಾಖ್ಯೆ. ವಸ್ತುವನ್ನಲ್ಲ" ಎಂದು ಗಿಳಿರಾಯರು ಸೊನ್ನೆ ಕೊಟ್ಟರು.

ಸುವರ್ಣ ಬರೆದ: "ಎಳೆಯು ತನ್ನನ್ನು ತಾನೇ ದಾಟಿ ತನ್ನಲ್ಲೇ ನೆಲೆಗೊಳ್ಳುವ ಸ್ಥಿತಿಯೇ ಗಂಟು." ಅವನಿಗೆ ಮೊದಲ ಸ್ಥಾನ ಬಂತು.

ತಿಪ್ಪನ ಮನೆಗೆ ನೆರೆಹೊರೆಯವರು ಸೂತಕಕ್ಕೆ ಬಂದವರ ಹಾಗೆ ಬಂದು ಹೋದರು. "ಏನು ಮಾಡೋದವ್ವ, ಹಣೆಬರಹ" ಎಂದು ಅವನ ತಾಯಿಯನ್ನು ಸಂತೈಸಿದರು. "ಕೊಕ್ಕಾದರೂ ಗಟ್ಟಿಯಿದೆಯಲ್ಲ, ಹೇಗೋ ಬದುಕಿಕೊಳ್ತಾನೆ." ತಿಪ್ಪ ಜಾಲಿಮರಕ್ಕೆ ಹಾರಿಹೋದ.

ಎರಡು ವರ್ಷ ಕಳೆಯಿತು. ಸುವರ್ಣನಿಗೆ ಪದವಿ ಬಂತು. ಅರಳಿ ಎಲೆಯ ಮೇಲೆ ಗಿಳಿರಾಯರ ಕೊಕ್ಕಿನ ಮೊಹರು. ಆ ಹೊತ್ತಿಗೆ ಮುಂಗಾರೂ ಹತ್ತಿರವಾಯಿತು, ಗೂಡು ಕಟ್ಟುವ ಕಾಲ ಬಂತು.

ಗೀಜಗಗಳಲ್ಲಿ ಒಂದು ಪದ್ಧತಿಯಿದೆ. ಗಂಡು ಅರ್ಧ ಗೂಡು ಕಟ್ಟಿ ಕಾಯಬೇಕು. ಹೆಣ್ಣು ಬಂದು ಒಂದೊಂದೇ ಎಳೆಯನ್ನು ಕೊಕ್ಕಿನಿಂದ ಜಗ್ಗಿ ನೋಡುತ್ತಾಳೆ. ಒಪ್ಪಿದರೆ ಒಳಗೆ ಕೂರುತ್ತಾಳೆ; ಗಂಡು ಅವಳ ಕಣ್ಣೆದುರಿಗೇ ಕೊಳವೆಯಂಥ ಬಾಗಿಲು ನೇಯ್ದು ಗೂಡು ಮುಗಿಸಬೇಕು. ಒಪ್ಪದಿದ್ದರೆ ಹಾರಿಹೋಗುತ್ತಾಳೆ. ಜಾತಕ, ವಶೀಲಿ, ಯಾವುದೂ ನಡೆಯುವುದಿಲ್ಲ.

ಸುವರ್ಣನ ಮನಸ್ಸೆಲ್ಲ ದೇವೀರಿಯ ಮೇಲಿತ್ತು. ಅವಳು ನಾಳೆ ಬರುತ್ತಾಳೆಂದು ಸುದ್ದಿ ಬಂತು. ಸುವರ್ಣ ಹುಲ್ಲು ತರಲು ಹೋದ. ಹುಲ್ಲಿನ ಅಂಚಿಗೆ ಕಚ್ಚು ಹಾಕಿ, ಎಳೆ ಹಿಡಿದು ಮೇಲಕ್ಕೆ ಹಾರಿದರೆ ಅದು ಉದ್ದಕ್ಕೂ ಸೀಳಿ ಬರುತ್ತದೆ ಎಂದು ನಾಲ್ಕನೇ ಅಧ್ಯಾಯದಲ್ಲಿ ಓದಿದ್ದ. ಹಾರಿದ. ಹುಲ್ಲು ಬುಡಸಮೇತ ಕಿತ್ತು ಬಂದು ಮುಖಕ್ಕೆ ಬಡಿಯಿತು.

"ಅಪ್ಪಾ, ಗಂಟು ಹೇಗೆ ಹಾಕೋದು?"

ಹೊನ್ನಪ್ಪ ಮಗನನ್ನು ನೋಡಿದ. "ನೀನು ಮೊದಲ ಸ್ಥಾನ ಅಲ್ವೇನೋ?"

"ಅದು ಬರೆಯೋದರಲ್ಲಿ."

ಒಂದು ದಿನದಲ್ಲಿ ಕಲಿಸಿ ಮುಗಿಯುವ ಕೆಲಸವಲ್ಲ ಅದು. ಹೊನ್ನಪ್ಪ ಸುತ್ತಮುತ್ತ ಕಣ್ಣಾಡಿಸಿದ. ಎಲ್ಲರೂ ಮೇವಿಗೆ ಹೋದ ಹೊತ್ತು ನೋಡಿ ತಾನೇ ಮಗನ ಹೆಸರಿನಲ್ಲಿ ಅರ್ಧ ಗೂಡು ನೇಯ್ದು ತೂಗುಬಿಟ್ಟ.

ಮರುದಿನ ದೇವೀರಿ ಬಂದಳು. ಒಂದು ಎಳೆ ಜಗ್ಗಿದಳು. ಇನ್ನೊಂದು ಜಗ್ಗಿದಳು. ತಲೆಕೆಳಗಾಗಿ ಜೋತಾಡಿ ನೋಡಿದಳು.

"ಗಂಟು ಗಟ್ಟಿಯಿದೆ" ಎಂದು ಒಳಗೆ ಕೂತಳು. "ಇನ್ನು ಕೊಳವೆ ಹಾಕು."

"ಈಗಲೇ?" ಎಂದ ಸುವರ್ಣ.

"ಇನ್ನೇನು, ಮಳೆ ನಿಂತ ಮೇಲೆ?"

ಸುವರ್ಣ ಗಂಟಲು ಸರಿಮಾಡಿಕೊಂಡ. "ಕೊಳವೆಯಲ್ಲಿ ಮೂರು ಪ್ರಕಾರ ದೇವೀರಿ. ಉದ್ದನೆಯದು, ಗಿಡ್ಡನೆಯದು, ವಿದ್ವಾಂಸರಲ್ಲಿ ಒಮ್ಮತವಿಲ್ಲದ್ದು."

"ನನ್ನ ಮೊಟ್ಟೆಗೆ ಯಾವುದಾದರೂ ಒಂದು ಸಾಕು. ಹಾಕು."

ಅವನು ಹಾಕಲಿಲ್ಲ. ರೆಕ್ಕೆಯ ಮರೆಯಿಂದ ಅರಳಿ ಎಲೆ ತೆಗೆದು ಅವಳ ಮುಂದೆ ಹಿಡಿದ. "ಇದನ್ನೊಂದು ಸಲ ನೋಡು."

ದೇವೀರಿ ನೋಡಿದಳು. ಅವಳಿಗೆ ನೋಡುವುದೆಂದರೆ ಒಂದೇ ರೀತಿ ಗೊತ್ತು. ಎಲೆಯ ಅಂಚು ಹಿಡಿದು ಜಗ್ಗಿದಳು. ಪದವಿ ಪರ್ರನೆ ಎರಡಾಯಿತು.

"ಇದರಲ್ಲಿ ಬಿಗಿ ಇಲ್ಲ" ಎಂದಳು. ಮತ್ತೆ ಗೂಡಿನ ಗಂಟನ್ನು ಓರೆಗಣ್ಣಿನಿಂದ ನೋಡಿ ನಕ್ಕಳು. "ಇದು ಹೊನ್ನಪ್ಪಮಾವನ ಗಂಟು, ಅಲ್ವಾ? ಅವರಿಗೆ ನಾನು ಯಾಕೆ ಮಾರಾಯ, ಮನೆಯಲ್ಲಿ ಅತ್ತೆ ಇದ್ದಾರಲ್ಲ."

ಹೀಗೆಂದು ನೇರವಾಗಿ ಜಾಲಿಮರದ ಕಡೆಗೆ ಹಾರಿದಳು. ಅಲ್ಲಿ ತಿಪ್ಪ ಕಟ್ಟಿದ್ದ ಅರ್ಧ ಗೂಡು ತೂಗುತ್ತಿತ್ತು. ಅವಳು ಎಷ್ಟು ಜಗ್ಗಿದರೂ ಅದು ಜಗ್ಗಲಿಲ್ಲ. ಸಂಜೆಯೊಳಗೆ ತಿಪ್ಪ ಕೊಳವೆಯನ್ನೂ ನೇಯ್ದು ಮುಗಿಸಿದ.

ಸುವರ್ಣ ಹರಿದ ಎಲೆ ಕಚ್ಚಿಕೊಂಡು ಗಿಳಿರಾಯರ ಬಳಿಗೆ ಓಡಿದ.

"ಒಂದು ಪದವಿ ಸಾಲದು ಎಂದು ನಾನು ಮೊದಲೇ ಹೇಳಬೇಕಿತ್ತು" ಎಂದರು ಗಿಳಿರಾಯರು. "ಉನ್ನತ ಗೂಡುಶಾಸ್ತ್ರ ತೆಗೆದುಕೊ. ಇನ್ನೆರಡು ವರ್ಷ."

"ಅದರಲ್ಲಿ ಗೂಡು ಕಟ್ಟಿಸ್ತೀರಾ, ಗುರುಗಳೇ?"

"ಛೆ. ಉನ್ನತ ಎಂದೆನಲ್ಲ."

ವಾರ ಕಳೆಯುವುದರೊಳಗೆ ಆಲದ ಮರದ ಮೇಲೆ ಹೊಸ ಫಲಕ ಕಾಣಿಸಿತು: 'ಸುಪ್ರಸಿದ್ಧ ನೇಕಾರ ಶ್ರೀ ತಿಪ್ಪ, ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿ.'

ಸುವರ್ಣ ಆ ಫಲಕ ಓದಿದ. ಅಲ್ಲಿಂದ ಕೆರೆ ದಾಟಿ ಜಾಲಿಮರಕ್ಕೆ ಹೋದ. ಸಣ್ಣ ಸಣ್ಣ ಮರಿಗಳ ಸಾಲಿನ ಕೊನೆಯಲ್ಲಿ ಕೂತ.

"ಏನು ಓದಿದ್ದೀಯಪ್ಪ?" ಎಂದು ಸಿದ್ದಜ್ಜ ಕೇಳಿದ.

"ಹದಿನೆಂಟು ಅಧ್ಯಾಯ, ಅಜ್ಜ."

"ಇರಲಿ, ಅದರಿಂದ ಅಡ್ಡಿಯೇನಿಲ್ಲ. ಹುಲ್ಲು ತಾ."

ಮೊದಲ ಗಂಟು ಬಿಚ್ಚಿಕೊಂಡಿತು. ಏಳನೆಯದೂ ಬಿಚ್ಚಿಕೊಂಡಿತು. ಮರಿಗಳು ಕಿಸಕ್ಕೆಂದವು. ಆಗ ಹಿಂದಿನ ಕೊಂಬೆಯಿಂದ ಯಾರೋ, "ಎಡಗಾಲಲ್ಲಿ ಒತ್ತಿ ಹಿಡಿಯೋ" ಎಂದರು. ತಿರುಗಿ ನೋಡಿದರೆ ಹೊನ್ನಪ್ಪ.

ಎಂಟನೆಯ ಗಂಟನ್ನು ಸಿದ್ದಜ್ಜ ಜಗ್ಗಿದ. ಅದು ನಿಂತಿತು.

ಆ ವರ್ಷ ಸುವರ್ಣನಿಗೆ ಗೂಡೂ ಇಲ್ಲ, ಜೋಡಿಯೂ ಇಲ್ಲ. ಮೊದಲ ಸ್ಥಾನ ಬಂದಾಗ ಇಡೀ ಮರಕ್ಕೆ ಕೂಗಿ ಹೇಳಿದ್ದ ಹೊನ್ನಪ್ಪ ಈ ಗಂಟಿನ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಕತ್ತಲಾಗುವವರೆಗೆ ಅದನ್ನು ಮತ್ತೆ ಮತ್ತೆ ಜಗ್ಗಿ ನೋಡುತ್ತ ಕೂತಿದ್ದ.

ನೀತಿ: ಕಸುಬಿನ ಕಲಿಕೆಯನ್ನು ನಪಾಸಾದವರ ಪಾಲಿಗೆ ಬಿಡಬೇಡಿ, ಮಳೆ ಬಂದಾಗ ಜಗ್ಗಿ ನೋಡುವುದು ಗಂಟನ್ನೇ ಹೊರತು ಪದವಿಯನ್ನಲ್ಲ.