ಹದ್ದಿನ ಒಂದು ಕಣ್ಣು

ಹುಣಸೆಮರದ ತುದಿಕೊಂಬೆಯಲ್ಲಿ ಕಾಜಾಣವೊಂದು ಮೂರು ಮೊಟ್ಟೆಯಿಟ್ಟು ಕಾಯುತ್ತಿತ್ತು. ಒಂದು ಬೆಳಿಗ್ಗೆ ಹದ್ದು ಬಂದು ಎದುರು ಕೊಂಬೆಯಲ್ಲಿ ಕೂತಿತು.

"ನನ್ನ ಒಂದು ರೆಕ್ಕೆಯಷ್ಟೂ ಇಲ್ಲ ನೀನು. ನನ್ನನ್ನು ಗೆಲ್ಲುತ್ತೀಯೇನಮ್ಮಾ?"

"ಗೆಲ್ಲುತ್ತೇನೆ ಅಂತ ಯಾರು ಹೇಳಿದರು ಯಜಮಾನರೇ? ನೀವು ಗೂಡಿಗೆ ಬಾಯಿ ಹಾಕಿದರೆ ಮೊಟ್ಟೆಯೂ ಹೋಗುತ್ತದೆ, ನಾನೂ ಸಾಯುತ್ತೇನೆ. ಅಷ್ಟರೊಳಗೆ ನಿಮ್ಮ ಒಂದು ಕಣ್ಣು ಕುಕ್ಕಿರುತ್ತೇನೆ."

"ಒಂದೇ ತಾನೇ?"

"ಒಂದೇ. ಆಮೇಲೆ ಅಷ್ಟೆತ್ತರದಿಂದ ನಿಮಗೆ ಇಲಿ ಕಾಣುತ್ತದೋ ಇಲ್ಲವೋ, ನೀವೇ ಯೋಚನೆ ಮಾಡಿ. ಮೂರು ಮೊಟ್ಟೆ ಎಷ್ಟು ಹೊತ್ತಿನ ಊಟಕ್ಕಾದೀತು?"

ಹದ್ದು ಮೊಟ್ಟೆಗಳನ್ನು ನೋಡಿತು. ಕಾಜಾಣದ ಕೊಕ್ಕನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿತು. "ಇವತ್ತು ನನಗೆ ಹಸಿವಿಲ್ಲ" ಎಂದು ಗಂಭೀರವಾಗಿ ಹೇಳಿ ಹಾರಿತು. ಕಾಜಾಣ ಹಿಂದೆಯೇ ಹೋಗಿ ಅದರ ಬಾಲಕ್ಕೊಮ್ಮೆ ಕುಕ್ಕಿ ಬಂತು.

ಕೆಳಕೊಂಬೆಯಲ್ಲಿ ಗೂಡಿಗೆ ಕಡ್ಡಿ ಜೋಡಿಸುತ್ತಿದ್ದ ಬೆಳವಕ್ಕಿಗೆ ಇದು ಸರಿಬರಲಿಲ್ಲ.

"ಹೊರಟವನನ್ನು ಯಾಕೆ ಕೆಣಕಿದೆ ಅಕ್ಕಾ? ನಿನ್ನದು ಬರೀ ಜಗಳದ ಸ್ವಭಾವ."

"ಹೌದು ತಾಯಿ. ಪಕ್ಕದ ಮರದಲ್ಲಿ ಜಗಳಗಂಟರು ಯಾರೂ ಇಲ್ಲ. ನೀನು ಅಲ್ಲೇ ಗೂಡು ಕಟ್ಟಿಕೋ."

ಬೆಳವಕ್ಕಿ ಪಕ್ಕದ ಮರದ ಕಡೆ ಕತ್ತು ತಿರುಗಿಸಿತು. ಹದ್ದು ಅಲ್ಲಿ ಕೂತು ಬಾಲದ ಗರಿ ಸರಿಮಾಡಿಕೊಳ್ಳುತ್ತಿತ್ತು.

"ಇಲ್ಲೇ ಇರುತ್ತೇನೆ ಬಿಡಕ್ಕ," ಎಂದಿತು ಬೆಳವಕ್ಕಿ, "ಇಲ್ಲಿ ಗಾಳಿ ಚೆನ್ನಾಗಿದೆ."