ಒಳಗಿನ ಅಗುಳಿ

"ಕೇತನಪುರದ ಪ್ರಜೆಗಳೇ, ಮಹಾರಾಜ ವೀರಕೇತರ ಅಪ್ಪಣೆ ಕೇಳಿರಿ! ರಾಜಕುಮಾರಿ ಪದ್ಮಲೆಯನ್ನು ಪ್ರೇತವೊಂದು ಹಿಡಿದಿದೆ. ಅದರ ಮೂರು ಒಗಟು ಬಿಡಿಸಿದವನಿಗೆ ಬೇಡಿದ ವರ. ತಪ್ಪಿದವನು ಜೀವಸಹಿತ ಹಿಂದಿರುಗಲಾರ," ಎಂದು ಡಂಗುರದವನು ಸಾರಿದ.

ಅದು ರಾಜನ ತಮ್ಮನ ಹೆಂಡತಿ ನಾಗಲಾಂಬೆಯ ಪ್ರೇತ. ಅರವತ್ತಮೂರು ಜನರ ಆ ಅರಮನೆಯಲ್ಲಿ ಅವಳು ನಲವತ್ತು ವರ್ಷ ಬಾಳಿದ್ದು ಒಂದು ನಡುಕೋಣೆಯಲ್ಲಿ. ಅಡುಗೆಮನೆಗೆ ಹೋಗುವವರೆಲ್ಲ ಅದನ್ನು ಹಾದೇ ಹೋಗಬೇಕು. ಅರಮನೆಯ ಯಾವ ಬಾಗಿಲಿಗೂ ಒಳಗಿನಿಂದ ಅಗುಳಿಯಿರಲಿಲ್ಲ. ಒಂದೇ ಮನೆಯವರಿಗೆ ಮುಚ್ಚುಮರೆ ಏಕೆಂಬುದು ರಾಜನ ಹೆಮ್ಮೆ. ಅವಳು ಸತ್ತ ಮೇಲೆ ಆ ಕೋಣೆ ಪದ್ಮಲೆಯ ಪಾಲಿಗೆ ಬಂತು. ಮೂರನೆಯ ದಿನ ಪದ್ಮಲೆಯ ಬಾಯಲ್ಲಿ ಸತ್ತವಳ ದನಿ ಬಂತು.

ಮೊದಲ ರಾಜಕುಮಾರ ಬಾಗಿಲನ್ನು ಒದ್ದು ನುಗ್ಗಿದ.

"ಹತ್ತು ಜನರ ನಡುವೆ ಅತ್ತರೂ ಏಕೆಂದು ಯಾರೂ ಕೇಳದ ಜಾಗ ಯಾವುದು?" ಎಂದಿತು ದನಿ.

"ಸ್ಮಶಾನ!" ಎಂದವನು ಅಲ್ಲೇ ಕುಸಿದ.

ಎರಡನೆಯವನಿಗೆ ಬೇರೆ ಒಗಟು. "ಒಂದೂವರೆ ಮೊಳದ ಮನೆ. ಒಡತಿ ಅದರಲ್ಲಿ ಹಿಡಿಸಳು. ಆದರೂ ಅವಳದೆಲ್ಲ ಇರುವುದು ಅಲ್ಲೇ. ಏನದು?"

"ಹೃದಯ," ಎಂದು ಅವನು ಮೀಸೆ ತಿರುವಿದ. ಅವನ ಹೆಣವೂ ಹೊರಗೆ ಬಂತು.

ಮುರಿದ ಬಾಗಿಲನ್ನು ಸರಿಮಾಡಲು ಬಡಗಿ ಮೌನೇಶನನ್ನು ಕರೆಸಿದರು. ಒಳಗೆ ಯಾರೋ ಬಿಕ್ಕುವುದು ಕೇಳಿಸಿತು. ಅವನು ಹೊಸ್ತಿಲ ಹೊರಗೇ ನಿಂತು ಚೌಕಟ್ಟನ್ನು ತಟ್ಟಿದ.

"ಬಾಗಿಲ ಕೆಲಸಕ್ಕೆ ಬಂದಿದ್ದೇನೆ, ತಾಯಿ. ಬರಲೇ?"

ಬಿಕ್ಕು ನಿಂತಿತು. ದನಿ ಮೊದಲ ಒಗಟನ್ನು ಕೇಳಿತು.

"ಒಲೆಯ ಮುಂದೆ, ತಾಯಿ. ನಮ್ಮದು ಹದಿನೇಳು ಜನರ ಮನೆ. ನಮ್ಮತ್ತಿಗೆ ಬೇಕೆಂದೇ ಹಸಿ ಸೌದೆ ಇಡುತ್ತಾಳೆ. ಕಣ್ಣೀರು ಹೊಗೆಯಿಂದ ಎಂದುಕೊಂಡು ಯಾರೂ ಕೇಳುವುದಿಲ್ಲ."

"ಒಂದೂವರೆ ಮೊಳದ ಮನೆ?"

"ತವರಿನಿಂದ ತಂದ ಪೆಟ್ಟಿಗೆ. ಅತ್ತಿಗೆ ಅದರ ಕೀಲಿಯನ್ನು ಸೆರಗಿನಿಂದ ಬಿಚ್ಚುವುದಿಲ್ಲ."

"ನಲವತ್ತು ವರ್ಷ ಎಲ್ಲರೂ ನನ್ನನ್ನು ಎಲ್ಲವನ್ನೂ ಕೇಳಿದರು. ಉಪ್ಪು, ಮದ್ದು, ಮಗುವಿನ ಬಟ್ಟೆ. ಒಂದನ್ನು ಮಾತ್ರ ಕೇಳಲಿಲ್ಲ. ಏನದು?"

ಮೌನೇಶ ಉತ್ತರ ಹುಡುಕುತ್ತ ತಲೆ ತಗ್ಗಿಸಿದಾಗ, ಸಾವಿರ ಕಾಲು ಸವೆಸಿದ ಹೊಸ್ತಿಲು ಕಂಡಿತು. ತನ್ನ ಕಾಲು ಮಾತ್ರ ಇನ್ನೂ ಆಚೆಗಿತ್ತು.

"ಒಳಗೆ ಬರಲೇ ಎಂದು, ತಾಯಿ."

"ನೀನು ಕೇಳಿದೆ," ಎಂದಿತು ದನಿ. ಪದ್ಮಲೆ ಕಣ್ಣು ತೆರೆದು, ಎದ್ದು ತಾನೇ ಹೊರಗೆ ನಡೆದು ಬಂದಳು.

"ಏನು ಬೇಕು, ಕೇಳು," ಎಂದ ರಾಜ.

"ನಮ್ಮತ್ತಿಗೆಗೆ ಒಂದು ಕೋಣೆ ಕಟ್ಟಿಸಿಕೊಡಿ, ಪ್ರಭು."

"ನಮ್ಮ ಬಾಗಿಲುಗಳಿಗೆಲ್ಲ ಒಳಗಿನಿಂದ ಅಗುಳಿ ಹಾಕಿಸಿ, ಅಪ್ಪಾಜಿ," ಎಂದಳು ಪದ್ಮಲೆ.

ರಾಜ ಎರಡನ್ನೂ ನಡೆಸಿಕೊಟ್ಟ; ಮೌನೇಶನನ್ನು ಅರಮನೆಯ ಬಡಗಿಯಾಗಿ ನೇಮಿಸಿದ. ಅಡುಗೆಮನೆಗೆ ಬೇರೆ ದಾರಿ ತೆರೆದರು. ಮೊದಲ ಅಗುಳಿ ನಡುಕೋಣೆಗೆ. ಕೆಲಸ ಮುಗಿಸಿ ಮೌನೇಶ ಹೊರಬಂದು ಬಾಗಿಲೆಳೆದುಕೊಂಡ. ಬರಿದಾದ ಕೋಣೆಯೊಳಗೆ ಅಗುಳಿ ಮೆಲ್ಲಗೆ ಸರಿದು ಬಿತ್ತು.

ರಾಜ ಬಾಗಿಲ ಮುಂದೆ ನಿಂತ. ಜನ್ಮದಲ್ಲಿ ಮೊದಲ ಬಾರಿಗೆ ಕೈಯೆತ್ತಿ ತಟ್ಟಿದ.

"ಈಗ ಬೇಡ, ಭಾವ," ಎಂದಿತು ಒಳಗಿನ ದನಿ.